ಯಾವ ‘ಇರ್ಲಿ’?

ಫೋನಿನಲ್ಲಿ ಹೊರಿಬೆ ಟೀಚರ್ ಹೇಳಿದ್ದು ಇಷ್ಟೇ: "ಇರ್ಲಿ ಬಿಡು, ಕಜುಯೊ."

ಕಜುಯೊ ಕೇಳಿದ್ದು ಮಾತ್ರ ಉದ್ದವಾಗಿತ್ತು. ಏಪ್ರಿಲ್ ಹದಿನಾಲ್ಕರಂದು ನಗೊಯಾ ಕಡೆಯಿಂದ ಏಳು ಜನ ಪ್ರವಾಸಿಗರು ಬರುತ್ತಾರೆ, ದೊಡ್ಡ ಗುಂಪೇನಲ್ಲ, ವಯಸ್ಸಾದವರು, ಗಲಾಟೆ ಮಾಡುವವರಲ್ಲ, ಪ್ರತಿ ವಸಂತದ ಹಾಗೆ ಈ ಸಲವೂ ಟೀಚರ್ ಮನೆಯ ಹಿಂದಿನ, ನೆಲದ ತುಂಬ ಹಸಿರು ಪಾಚಿ ಬೆಳೆಸಿದ ತೋಟವನ್ನು ಒಂದರ್ಧ ಗಂಟೆ ತೋರಿಸಬಹುದೇ, ತೊಂದರೆಯಾಗುವುದಾದರೆ ಸಂಕೋಚವಿಲ್ಲದೆ ಹೇಳಬೇಕು ಎಂದೆಲ್ಲ ಕಾಗದದಲ್ಲಿ ಬರೆದಿಟ್ಟುಕೊಂಡು, ಎರಡು ಸಲ ಓದಿಕೊಂಡು, ಆಮೇಲೆ ಕೇಳಿದ್ದಳು. ಟೀಚರ್ ಮೆಲ್ಲಗೆ ನಕ್ಕು, ಅಷ್ಟು ಹೇಳಿದ್ದರು. ಕಜುಯೊ ಫೋನಿಗೇ ಬಗ್ಗಿ ನಮಸ್ಕರಿಸಿ, ಕಾರ್ಯಕ್ರಮದ ಹಾಳೆಯಲ್ಲಿ ‘ಮಧ್ಯಾಹ್ನ ಒಂದೂವರೆ, ಪಾಚಿತೋಟ’ ಎಂಬುದರ ಮುಂದೆ ಒಪ್ಪಿಗೆಯ ದುಂಡನೆಯ ಗುರುತು ಹಾಕಿದ್ದಳು.

ಅನುಮಾನ ಹತ್ತಿದ್ದು ಸಂಜೆ ಅಕ್ಕಿ ತೊಳೆಯುವಾಗ. ಆ ಮಾತಿಗೆ ಎರಡು ಮುಖ. ಪಕ್ಕದ ಮನೆಯವರು ಬಂದು, ನಮ್ಮ ಹೊಲದ್ದು ನಾಲ್ಕು ಮೂಲಂಗಿ ಇಟ್ಟು ಹೋಗಲೇ ಎಂದರೆ ಇರ್ಲಿ ಎನ್ನುತ್ತಾರೆ, ಮೂಲಂಗಿ ಅಡುಗೆಮನೆಗೆ ಬರುತ್ತದೆ. ಹೋಟೆಲಿನವಳು ಇನ್ನೊಂದು ಲೋಟ ಚಹಾ ಸುರಿಯಲು ಬಂದರೂ ಇರ್ಲಿ ಎನ್ನುತ್ತಾರೆ, ಅವಳು ಕೆಟಲು ಹಿಂದೆ ತೆಗೆದುಕೊಂಡು ಹೋಗುತ್ತಾಳೆ. ಎದುರಿಗೆ ಮುಖವಿದ್ದರೆ ಯಾವುದೆಂದು ತಿಳಿಯುತ್ತದೆ. ಫೋನಿಗೆ ಮುಖವಿಲ್ಲ.

ಇನ್ನೊಂದು ಸಲ ಫೋನು ಮಾಡಿ ಕೇಳಿಬಿಡಬಹುದಿತ್ತು. ಆದರೆ ಹಿರಿಯರು ಒಮ್ಮೆ ಹೇಳಿದ್ದನ್ನು ಮತ್ತೆ ಕೇಳುವುದೆಂದರೆ, ನೀವು ಹೇಳಿದ್ದು ನೆಟ್ಟಗಿರಲಿಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಅದೂ ಹೊರಿಬೆ ಟೀಚರಿಗೆ! ಹದಿನೇಳನೆಯ ವಯಸ್ಸಿನಲ್ಲಿ ಕಜುಯೊ ಹಗಲೆಲ್ಲ ಟೈಲ್ಸ್ ಕಾರ್ಖಾನೆಯಲ್ಲಿ ನಿಂತು, ಉಗುರಿನ ಸಂದಿಯಲ್ಲಿ ಜೇಡಿಮಣ್ಣು ಇಟ್ಟುಕೊಂಡೇ ಸಂಜೆ ಶಾಲೆಗೆ ಹೋಗುತ್ತಿದ್ದಾಗ, ಮಾತು ಕಲಿಸಿದವರೇ ಅವರು. ಪಾಠ ಮುಗಿದ ಮೇಲೆ ಹತ್ತು ನಿಮಿಷ ಉಳಿಸಿಕೊಂಡು ಮರ್ಯಾದೆಯ ಮಾತುಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. "ನೀವೆಲ್ಲ ನಾಳೆ ಆಫೀಸುಗಳಲ್ಲಿ ಫೋನು ಎತ್ತೋರು. ‘ಬೇಡ’ ಅಂತ ಯಾವತ್ತೂ ಬಾಯಿಬಿಟ್ಟು ಹೇಳಬಾರ್ದು. ಅದು ಎದುರಿಗಿರೋರ ಮುಖಕ್ಕೆ ಬಾಗಿಲು ಬಡಿದ ಹಾಗೆ. ‘ಇರ್ಲಿ’ ಅನ್ನಿ. ಬಾಗಿಲು ತಾನಾಗೇ ಮೆಲ್ಲಗೆ ಮುಚ್ಚಿಕೊಳ್ಳುತ್ತೆ."

ಇದೂ ಅವಳಿಗೆ ಆ ಸಂಜೆಯೇ ನೆನಪಾಗಿತ್ತು. ನೆನಪಾದದ್ದನ್ನು ಅವಳು ಅಕ್ಕಿಯ ನೀರಿನ ಜೊತೆಗೇ ಬಸಿದುಬಿಟ್ಟಳು. ಒಂಬತ್ತು ವರ್ಷದಿಂದ ಟೀಚರ್ ಒಮ್ಮೆಯೂ ತೋಟ ತೋರಿಸದೆ ಇದ್ದಿಲ್ಲ. ಈ ವರ್ಷ ಮಾತ್ರ ಯಾಕೆ ಬೇಡ ಎನ್ನುತ್ತಾರೆ?

ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಳ್ಳಲು ಬೇರೆ ಕಾರಣವೂ ಇತ್ತು. ಸುಗಿಹಾರಾ ಊರಿನ ಪ್ರವಾಸ ಕಚೇರಿಯಲ್ಲಿ ಕಜುಯೊಳ ಕೆಲಸ ಆರಾರು ತಿಂಗಳಿಗೆ ಮುಂದುವರಿಯುವಂಥದ್ದು. ನಗೊಯಾದ ಒಂದು ಸಣ್ಣ ಕಂಪನಿ ವರ್ಷಕ್ಕೆರಡು ಸಲ ಗುಂಪು ಕಳಿಸುತ್ತಿದ್ದುದರಿಂದಲೇ ಅವಳಿಗೆ ಕೆಲಸವಿತ್ತು. ಈ ಸಲ ಆ ಕಂಪನಿಯ ಹತಕೆದಾ ಎಂಬಾಕೆ ಗುಂಪಿನ ಜೊತೆ ತಾನೇ ಬರುತ್ತಿದ್ದಳು. ಬಂದು ನೋಡಿ, ಶರತ್ಕಾಲದ ಪಟ್ಟಿಯಲ್ಲಿ ಸುಗಿಹಾರಾವನ್ನು ಇಡುವುದೋ ತೆಗೆಯುವುದೋ ತೀರ್ಮಾನಿಸುವವಳಿದ್ದಳು. ಇಟ್ಟರೆ ಕಜುಯೊ ಉಳಿಯುತ್ತಾಳೆ. ತೆಗೆದರೆ ಸೆಪ್ಟೆಂಬರಿಗೆ ಅವಳ ಕುರ್ಚಿ ಖಾಲಿ. ಐವತ್ತಮೂರರ ಹೆಂಗಸಿಗೆ ಈ ಕಣಿವೆಯಲ್ಲಿ ಬೇರೆ ಏನಿದೆ? ಹೆದ್ದಾರಿಯ ಪಕ್ಕದ ಊಟದ ಡಬ್ಬಿ ಕಾರ್ಖಾನೆ, ಅಷ್ಟೇ.

*

ಹದಿನಾಲ್ಕರ ಬೆಳಿಗ್ಗೆ ಎಲ್ಲವೂ ಸರಿಯಾಗಿಯೇ ನಡೆಯಿತು. ನದಿಯ ದಡದ ಮನೆಯಲ್ಲಿ ಕಾಗದ ಮಾಡುವುದನ್ನು ನೋಡಿದರು. ಹಮಾಮತ್ಸುವಿನಿಂದ ಬಂದಿದ್ದ ನಾಲ್ವರು ನಿವೃತ್ತ ನರ್ಸುಗಳು ಎಲ್ಲ ಕಡೆ ಒಟ್ಟಿಗೇ ಹೋಗಿ ಒಟ್ಟಿಗೇ ನಗುತ್ತಿದ್ದರು. ಸೊನೊಬೆ ಎಂಬ ಹಿರಿಯ ಹೆಂಗಸು ಅತಿಥಿಗಳಿಗೆ ಶಾಸ್ತ್ರೋಕ್ತವಾಗಿ ಚಹಾ ಮಾಡಿಕೊಡುವ ವಿದ್ಯೆ ಕಲಿತವರು, ಯಾವುದನ್ನು ನೋಡಿದರೂ ಅದರ ಸರಿಯಾದ ಹೆಸರು ಹೇಳುತ್ತಿದ್ದರು. ಉಕಾಯಿ ಎಂಬ ಕ್ಷೌರಿಕರು ಅಂಗಡಿಯನ್ನು ಮಗನಿಗೆ ಬಿಟ್ಟು ಹೆಂಡತಿ ಹಿಸಾಯೊಳೊಂದಿಗೆ ಬಂದಿದ್ದರು. ಕಾಗದದ ತೊಟ್ಟಿಯಲ್ಲಿ ಕೈ ಅದ್ದಿ, "ಇದು ನನ್ನ ಷೇವಿಂಗ್ ನೊರೆಗಿಂತ ಚೆನ್ನಾಗಿದೆ" ಎಂದು ಎಲ್ಲರನ್ನೂ ನಗಿಸಿದ್ದರು. ಬೆಟ್ಟದ ಚಿಗುರುಗಳ ಊಟ ಎಲ್ಲರಿಗೂ ಹಿಡಿಸಿತು. ಹತಕೆದಾ ಮಾತ್ರ ಬಿಳಿ ಷೂ ಹಾಕಿಕೊಂಡು ಸ್ವಲ್ಪ ಹಿಂದೆ ನಡೆಯುತ್ತ ಸಣ್ಣ ಪುಸ್ತಕದಲ್ಲಿ ಏನೇನೋ ಬರೆದುಕೊಳ್ಳುತ್ತಿದ್ದಳು. ಅವಳ ಪೆನ್ನು ನಿಂತಾಗಲೆಲ್ಲ ಕಜುಯೊ ಹಿಂದೆ ತಿರುಗಿ ನೋಡುತ್ತಿದ್ದಳು.

"ಇಶಿಗುರೆಯವರೇ," ಊಟವಾದ ಮೇಲೆ ಹತಕೆದಾ ಕಜುಯೊಳನ್ನು ಮನೆತನದ ಹೆಸರಿನಿಂದ ಕರೆಯುತ್ತ ಹತ್ತಿರ ಬಂದಳು. "ಕಾಗದ ಬೇರೆ ಊರಲ್ಲೂ ಸಿಗುತ್ತೆ, ಊಟವೂ ಸಿಗುತ್ತೆ. ಹೊರಗಿನೋರಿಗೆ ತೆರೆಯದ ಮನೆಯ ಪಾಚಿತೋಟ, ಅದನ್ನ ನೋಡ್ಕೊಳ್ಳೋ ಮನುಷ್ಯರು, ಇದು ನಿಮ್ಮಲ್ಲಿ ಮಾತ್ರ. ಅದಕ್ಕೇ ನಮ್ಮವರು ಬರೋದು."

"ಹೌದು," ಎಂದಳು ಕಜುಯೊ. "ಹೌದು, ಹೌದು."

ಒಂದೂವರೆಗೆ ಐದು ನಿಮಿಷವಿರುವಾಗ ಅವರು ಟೀಚರ್ ಮನೆಯ ಮುಂದೆ ನಿಂತರು. ಗೋಡೆಯಾಚೆಯಿಂದ ಜೋಲುವ ಚೆರ್ರಿಯ ಒಂದೆರಡು ರೆಂಬೆ ರಸ್ತೆಗೆ ಇಳಿದಿತ್ತು. ಇಲ್ಲಿ ಬೆಟ್ಟದ ಚಳಿಗೆ ಹೂವು ತಡ, ಬಯಲಿನಲ್ಲಿ ಉದುರಿ ಮುಗಿದ ಮೇಲೆಯೇ ಅರಳುವುದು. ನರ್ಸುಗಳು ಆಗಲೇ ಫೋಟೊ ತೆಗೆಯತೊಡಗಿದರು. ಹೆಬ್ಬಾಗಿಲಿನ ಚಿಲಕ ಹಾಕಿರಲಿಲ್ಲ. ಕಜುಯೊ "ಬರ್ತಿದೀವಿ" ಎಂದು ಕೂಗಿ ಬಾಗಿಲು ಸರಿಸಿದಳು. ಒಳಗೆ ಹೆಜ್ಜೆಗಲ್ಲುಗಳು ಮನೆಯ ಪಕ್ಕದಿಂದ ಬಳಸಿಕೊಂಡು ತೋಟದ ಕಡೆಗೆ ಹೋಗಿದ್ದವು. ಮೂರನೆಯ ಹೆಜ್ಜೆಗಲ್ಲಿನ ಮೇಲೆ ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ ಒಂದು ಗುಂಡುಕಲ್ಲು ಕೂತಿತ್ತು. ಅದಕ್ಕೆ ಅಡ್ಡಡ್ಡ ಉದ್ದುದ್ದ ಕಪ್ಪು ನಾರಿನ ಹಗ್ಗ ಬಿಗಿದು, ನೆತ್ತಿಯ ಮೇಲೆ ಗಂಟು ಹಾಕಿತ್ತು.

ಕಜುಯೊಳ ಕಾಲು ಅಲ್ಲೇ ನಿಂತಿತು.

"ಯಾರೋ ಪೊಟ್ಟಣ ಮರ್ತು ಹೋಗಿದಾರೆ," ಎಂದರು ಹಿಂದಿನಿಂದ ಉಕಾಯಿ.

"ಪೊಟ್ಟಣ ಅಲ್ಲ ಸ್ವಾಮಿ," ಸೊನೊಬೆ ತಗ್ಗಿದ ದನಿಯಲ್ಲಿ ಹೇಳಿದರು. "ಇಲ್ಲಿಂದಾಚೆ ಕಾಲಿಡಬೇಡಿ ಅಂತ ಅರ್ಥ. ನಲವತ್ತು ವರ್ಷ ಚಹಾ ಕಲ್ತಿದೀನಿ, ನನಗೆ ಗೊತ್ತಾಗಲ್ವಾ?"

"ನಾನೂ ನಲವತ್ತು ವರ್ಷ ತಲೆ ಬೋಳಿಸಿದೀನಿ. ಯಾವ ತಲೆ ಮೇಲೂ ಯಾರೂ ಕಲ್ಲು ಇಟ್ಟಿರ್ಲಿಲ್ಲ."

"ಸುಮ್ನಿರ್ರೀ," ಎಂದಳು ಹಿಸಾಯೊ.

ಟೀಚರ್ ಕೈಯಾರೆ ಕಟ್ಟಿದ ಗಂಟು ಅದು, ಕಜುಯೊಳಿಗೆ ಗೊತ್ತಿತ್ತು. ಅವರು ಹೇಳಿದ ‘ಇರ್ಲಿ’ ಯಾವುದೆಂದು ಈಗ ತಿಳಿಯಿತು. ಫೋನು ಮಾಡಿದ ಮೇಲೆ ಹದಿನೈದು ದಿನ. ಹದಿನೈದು ದಿನದಲ್ಲಿ ಒಂದು ಸಲ ಸೈಕಲ್ ಹತ್ತಿ ಹೊಳೆ ದಾಟಿ ಬಂದಿದ್ದರೆ ಸಾಕಿತ್ತು. ಹೊಸ ವರ್ಷದ ನಮಸ್ಕಾರಕ್ಕೆ ಬಂದವಳು ಆಮೇಲೆ ಈ ಕಡೆ ಮುಖ ಹಾಕಿರಲಿಲ್ಲ.

ಹತಕೆದಾ ಅವಳ ತೋಳು ಹಿಡಿದು ಗೋಡೆಯ ಪಕ್ಕಕ್ಕೆ ಕರೆದುಕೊಂಡು ಹೋದಳು.

"ಒಪ್ಪಿಗೆ ಇದೆ ಅಂದಿದ್ರಿ."

"ಇದೆ ಅಂದ್ಕೊಂಡಿದ್ದೆ."

"ಒಳಗಿದಾರೆ ತಾನೆ? ಹಾಗಾದ್ರೆ ಮೆಲ್ಲಗೆ ಕಲ್ಲು ಪಕ್ಕಕ್ಕಿಟ್ಟು ಹೋಗೋಣ. ನೋಡಿ, ನಾನು ಕೆಟ್ಟೋಳಲ್ಲ, ಇಂಥ ಮನೆಗಳನ್ನ ನೂರು ನೋಡಿದೀನಿ. ಬಾಗಿಲಲ್ಲಿ ನಿಂತು ಕೇಳಿದ್ರೆ ಕಷ್ಟ ಅಂತಾರೆ. ಬಂದು ನಿಂತೋರನ್ನ ಮಾತ್ರ ಯಾರೂ ಹೋಗಿ ಅನ್ನಲ್ಲ. ತಾವೇ ಕ್ಷಮೆ ಕೇಳಿ ಚಹಾ ತರ್ತಾರೆ."

ಅವಳು ಹೇಳಿದ್ದು ನಿಜ. ಅದು ನಿಜವೆಂಬುದೇ ಕಜುಯೊಳನ್ನು ಹೆದರಿಸಿತು. ಎಂಟು ಜನ ತೋಟಕ್ಕೆ ನುಗ್ಗಿದರೆ ಟೀಚರ್ ಖಂಡಿತ ಬಗ್ಗಿ ನಮಸ್ಕರಿಸಿ, ಸಿದ್ಧವಿರಲಿಲ್ಲ, ತಪ್ಪು ನನ್ನದೇ ಎಂದು ಹೇಳಿ ಕೆಟಲು ಇಡುತ್ತಿದ್ದರು.

"ಒಂದು ಹತ್ತು ನಿಮಿಷ ಕೊಡಿ," ಎಂದಳು. "ನಾನೊಬ್ಬಳೇ ಹಿಂದಿನಿಂದ ಹೋಗಿ ಬರ್ತೀನಿ."

"ಮೂರು ಗಂಟೆಗೆ ಬಸ್ಸು, ನೆನಪಿರಲಿ."

*

ಕಾಲುವೆಯ ಪಕ್ಕದಿಂದ ಅಡುಗೆಮನೆಯ ಬಾಗಿಲಿಗೆ ಹೋಗುವ ಸಂದಿ ಅವಳಿಗೆ ಹೊಸದೇನಲ್ಲ. ನೀರೊಲೆಯ ಗೋಡೆ ದಾಟಿದರೆ ತೋಟದ ಕೊನೆ. ಅಲ್ಲಿಂದ ಅವಳು ಮೊದಲು ಕಂಡದ್ದು ಟೀಚರ್ ಬೆನ್ನು. ತಲೆಗೆ ಟವೆಲ್ ಕಟ್ಟಿಕೊಂಡು, ಮೊಣಕಾಲಿನ ಹತ್ತಿರ ತೇಪೆ ಹಾಕಿದ ಹಳೆಯ ಪೈಜಾಮ ತೊಟ್ಟು, ತಗ್ಗಿನ ಮಣೆಯ ಮೇಲೆ ಕೂತಿದ್ದರು. ಕೈಯಲ್ಲಿ ಚಿಮಟ. ಪಾಚಿಯೊಳಗಿಂದ ಒಂದೊಂದೇ ಕಳೆಯನ್ನು ಬೇರು ಸಮೇತ ಎಳೆದು ಪಕ್ಕದ ಬಕೆಟ್ಟಿಗೆ ಹಾಕುತ್ತಿದ್ದರು. ಆಚೆ ಒಂದು ಊರುಗೋಲು ಬಿದ್ದಿತ್ತು. ಟೀಚರ್ ಊರುಗೋಲು ಹಿಡಿದದ್ದನ್ನು ಕಜುಯೊ ಎಂದೂ ಕಂಡಿರಲಿಲ್ಲ.

ತೋಟವನ್ನೂ ಆಮೇಲೆ ನೋಡಿದಳು. ನೋಡಬಾರದಿತ್ತು ಅನ್ನಿಸಿತು. ಪಾಚಿ ಅಲ್ಲಲ್ಲಿ ಹಳದಿಯಾಗಿ ಕುಸಿದಿತ್ತು. ಉಳಿದ ಕಡೆಯೆಲ್ಲ ಬಿಳಿ ಹೂಬಿಟ್ಟ ಕಳೆ. ಚಳಿಗಾಲದ ಹಿಮಕ್ಕೆ ನೆಲ ಉಬ್ಬಿ ಎರಡು ಹೆಜ್ಜೆಗಲ್ಲು ಓರೆಯಾಗಿ ನಿಂತಿದ್ದವು. ಇಷ್ಟರ ನಡುವೆ ಎರಡು ಚಾಪೆ ಹಾಸುವಷ್ಟು ಜಾಗ ಮಾತ್ರ ಬಾಚಿದ ಹಾಗೆ ಹಸಿರಾಗಿ, ಚೊಕ್ಕವಾಗಿತ್ತು.

"ಟೀಚರ್."

ಅವರು ತಿರುಗಿದರು. ಮುಖದಲ್ಲಿ ಮೊದಲು ಸಂತೋಷವೇ ಬಂತು. ಆಮೇಲೆ ತಾರೀಖು ನೆನಪಾಯಿತೆಂದು ಕಾಣುತ್ತದೆ.

"ಕಜುಯೊ! ಅಯ್ಯೋ, ಬಂದ್ಬಿಟ್ರಾ?"

"ಬಾಗಿಲಲ್ಲಿದಾರೆ."

ಟೀಚರ್ ಏಳಲು ಹೋದರು. ಮೊದಲ ಸಲ ಆಗಲಿಲ್ಲ. ಎರಡನೆಯ ಸಲ ಕಜುಯೊ ಓಡಿ ಬಂದು ಕಂಕುಳಿಗೆ ಕೈ ಕೊಟ್ಟಳು.

"ಏನಾಯ್ತು ಟೀಚರ್?"

"ಫೆಬ್ರವರೀಲಿ ಜಾರಿ ಬಿದ್ದೆ, ಅಲ್ಲೇ, ಕೊಳಾಯಿ ಹತ್ರ. ಸೊಂಟಕ್ಕೆ ಪೆಟ್ಟು. ಈಗ ಪರವಾಗಿಲ್ಲ."

"ಒಂದು ಮಾತು ಹೇಳಬಾರ್ದಿತ್ತಾ?"

"ಹೇಳಿದ್ರೆ ಎಲ್ರೂ ಹಣ್ಣು ತಗೊಂಡು ಬರ್ತಾರೆ. ಅಷ್ಟು ಹಣ್ಣು ಯಾರು ತಿನ್ನೋದು?" ಕೈಯ ಮಣ್ಣನ್ನು ಟವೆಲಿಗೆ ಒರೆಸಿಕೊಂಡರು. ತೋಟವನ್ನು ಒಮ್ಮೆ ನೋಡಿದರು, ಹೆಬ್ಬಾಗಿಲಿನ ಕಡೆ ಒಮ್ಮೆ ನೋಡಿದರು. ಆಚೆಯಿಂದ ನರ್ಸುಗಳ ನಗು ಕೇಳುತ್ತಿತ್ತು. "ಎಷ್ಟು ಜನ?"

"ಏಳು. ಮತ್ತೆ ಕಂಪನಿಯವರೊಬ್ರು."

"ದೂರದಿಂದ ಬಂದಿದಾರೆ ಪಾಪ. ನಾನು ಫೋನಲ್ಲೇ ನೆಟ್ಟಗೆ ಹೇಳಬೇಕಿತ್ತು, ನಿನಗೆ ತಪ್ಪು ತಿಳೀತು." ಟವೆಲ್ ಬಿಚ್ಚಿ ಕೂದಲು ಸರಿಮಾಡಿಕೊಂಡರು. "ಇರ್ಲಿ ಬಿಡು. ಕರ್ಕೊಂಡು ಬಾ. ನಾನು ಬಟ್ಟೆ ಬದಲಾಯಿಸಿ ಕೆಟಲು ಇಡ್ತೀನಿ."

ಕಜುಯೊಳ ಕಾಲು ಆಗಲೇ ಹೆಬ್ಬಾಗಿಲಿನ ಕಡೆ ತಿರುಗಿತ್ತು. ಬಾಯಲ್ಲಿ ಕೃತಜ್ಞತೆಯ ಮಾತು ಸಿದ್ಧವಾಗಿತ್ತು. ಕೆಲಸ ಉಳಿಯಿತು, ಕಂಪನಿ ಉಳಿಯಿತು, ಚಹಾ ಬರುತ್ತದೆ, ಪಾಚಿ ಸ್ವಲ್ಪ ಹಾಳಾದರೇನು, ಬಂದವರಿಗೆ ಅದೆಲ್ಲಿ ತಿಳಿಯುತ್ತದೆ. ಆಗ ಟೀಚರ್ ಹೊಸ್ತಿಲಿಗೆ ಹೋಗುವ ದಾರಿಯಲ್ಲಿ ಬಕೆಟ್ಟನ್ನು ಕಾಲಿನಿಂದ ಪೊದೆಯ ಹಿಂದೆ ತಳ್ಳಿದರು. ಊರುಗೋಲನ್ನೂ ಅಲ್ಲೇ ಬಚ್ಚಿಟ್ಟರು. ಹಾಗಾಗಿ ಮುಂದಿನ ಹೆಜ್ಜೆಗೆ ಗೋಡೆ ಹಿಡಿದುಕೊಳ್ಳಬೇಕಾಯಿತು.

"ಟೀಚರ್," ಎಂದಳು ಕಜುಯೊ. ತನ್ನ ದನಿ ತನಗೇ ಒರಟಾಗಿ ಕೇಳಿಸಿತು. "ಯಾವ ಇರ್ಲಿ?"

"ಅಂದ್ರೆ?"

"ಬರ್ಲಿ ಅನ್ನೋ ಇರ್ಲಿನಾ, ಬೇಡ ಅನ್ನೋ ಇರ್ಲಿನಾ?"

"ಇದೆಂಥ ಪ್ರಶ್ನೆ? ಕರ್ಕೊಂಡು ಬಾ ಅಂದ್ನಲ್ಲ."

"ಅಂದ್ರಿ. ಅವರು ಬರೋದು ನಿಮಗೆ ಇಷ್ಟ ಇದೆಯಾ ಅಂತ ಕೇಳ್ತಿದೀನಿ."

ಟೀಚರ್ ಹುಬ್ಬು ಮೇಲೆತ್ತಿದರು. ಸಂಜೆ ಶಾಲೆಯಲ್ಲಿ ಯಾರಾದರೂ ಕ್ರಿಯಾಪದ ತಪ್ಪಾಗಿ ಹೇಳಿದಾಗ ಏಳುತ್ತಿದ್ದ ಹುಬ್ಬು ಅದು. "ಹಿರಿಯರನ್ನ ಹೀಗೆ ಕೇಳೋದು ನಾನು ನಿನಗೆ ಕಲಿಸ್ಲಿಲ್ಲ."

"ಇಲ್ಲ, ಕಲಿಸ್ಲಿಲ್ಲ."

"ಕರ್ಕೊಂಡು ಬರದಿದ್ರೆ ನಿನ್ನ ಕೆಲಸಕ್ಕೆ ತೊಂದ್ರೆ ಇಲ್ವಾ?"

ಇಲ್ಲ, ಪರವಾಗಿಲ್ಲ, ಅದರ ಯೋಚನೆ ಮಾಡಬೇಡಿ ಎಂದು ಹೇಳುವುದು ಕ್ರಮ. ಬಾಯಿ ಅದಕ್ಕೇ ತೆರೆದಿತ್ತು. "ಇದೆ," ಎಂದಳು ಕಜುಯೊ.

"ಆದ್ರೂ ಕೇಳ್ತಿದೀಯಾ?"

"ಆದ್ರೂ ಕೇಳ್ತಿದೀನಿ."

ಹಿಂದಿನ ಬಿದಿರುಮೆಳೆಯಲ್ಲಿ ಯಾವುದೋ ಹಕ್ಕಿ ಅರ್ಧ ಕೂಗಿ ನಿಲ್ಲಿಸಿತು. ವಸಂತದ ಆರಂಭದಲ್ಲಿ ಎಳೆಯ ಹಕ್ಕಿಗಳಿಗೆ ಪೂರ್ತಿ ರಾಗ ಬರುವುದಿಲ್ಲ. ಟೀಚರ್ ಗೋಡೆಯನ್ನು ಹಿಡಿದುಕೊಂಡೇ ನೆಲ ನೋಡಿದರು.

"ಬೇಡ," ಎಂದರು.

ಅದು ಉಸಿರಿನಷ್ಟು ಸಣ್ಣಗಿತ್ತು. ಆಮೇಲೆ ಸ್ವಲ್ಪ ಗಟ್ಟಿಯಾಗಿ ಹೇಳಿದರು, "ಬೇಡ, ಕಜುಯೊ. ನನಗಿಷ್ಟ ಇಲ್ಲ. ಹೀಗಿರುವಾಗ ಇದನ್ನ ಯಾರೂ ನೋಡೋದು ಬೇಡ." ಹೇಳಿದ್ದೇ ಮಣ್ಣುಗೈಯಿಂದ ಬಾಯಿ ಮುಚ್ಚಿಕೊಂಡರು, ಮಕ್ಕಳೆದುರು ಬೈಗುಳ ಆಡಿಬಿಟ್ಟವರ ಹಾಗೆ. ಕೈಯ ಹಿಂದಿನಿಂದ ನಗು ಬಂತು. "ಎಪ್ಪತ್ತೇಳು ವರ್ಷಕ್ಕೆ ಮೊದಲ್ನೇ ಸಲ ನೋಡು."

"ನಾನು ಕೇಳಿಸ್ಕೊಂಡಿದ್ದೇ ತಪ್ಪು ಟೀಚರ್."

"ನಾನು ಹೇಳಿದ್ದೇ ತಪ್ಪು."

"ಇಲ್ಲ, ನಂದು."

"ನಂದು ಅಂದ್ನಲ್ಲ. ಟೀಚರ್ ಯಾರು, ನಾನೋ ನೀನೋ? ಹೋಗು, ಅವರು ಕಾಯ್ತಿರ್ತಾರೆ. ಮೂತಿಗೆ ಮಣ್ಣು ಆಗಿದೆಯಾ ನನಗೆ?"

"ಆಗಿದೆ."

"ನೋಡಿದ್ಯಾ, ಒಂದು ಸಲ ಶುರು ಮಾಡಿದ್ರೆ ನಿಲ್ಲಲ್ಲ ಇದು," ಎಂದು ಟೀಚರ್ ಕೆನ್ನೆ ಒರೆಸಿಕೊಂಡರು.

*

ಹೆಬ್ಬಾಗಿಲಿಗೆ ಬರುವಷ್ಟರಲ್ಲಿ ಕಜುಯೊ ಮನಸ್ಸಿನಲ್ಲಿ ಒಂದು ವಾಕ್ಯ ಜೋಡಿಸಿದ್ದಳು. ‘ಅನಿವಾರ್ಯ ಕಾರಣಗಳಿಂದ’ ಎಂದು ಶುರುವಾಗುವ, ಕಚೇರಿಯಲ್ಲಿ ಎಲ್ಲರೂ ಬಳಸುವ ವಾಕ್ಯ. ಎಂಟು ಮುಖಗಳ ಎದುರು ನಿಂತಾಗ ಅದು ಹೊರಗೆ ಬರಲಿಲ್ಲ.

"ತೋಟ ನೋಡೋಕಾಗಲ್ಲ," ಎಂದಳು. "ಮನೆಯವರು ಬೇಡ ಅಂದಿದಾರೆ. ಅವರು ಹದಿನೈದು ದಿನದ ಹಿಂದೇನೇ ಬೇಡ ಅಂದಿದ್ರು. ನಾನು ಅದನ್ನ ಬರ್ಲಿ ಅಂತ ಕೇಳಿಸ್ಕೊಂಡೆ. ತಪ್ಪು ಪೂರ್ತಿ ನಂದು." ಸೊಂಟದವರೆಗೆ ಬಗ್ಗಿ ಹಾಗೇ ನಿಂತಳು.

ಹತಕೆದಾಳ ಬಿಳಿ ಷೂ ಮಾತ್ರ ಅವಳಿಗೆ ಕಾಣುತ್ತಿತ್ತು.

"ಬೇಡ ಅಂದಿದ್ದನ್ನ ಬರ್ಲಿ ಅಂತ ಹ್ಯಾಗಮ್ಮ ಕೇಳಿಸ್ಕೊಂಡ್ರಿ?" ಎಂದರು ಉಕಾಯಿ.

"ಅವರು ‘ಇರ್ಲಿ ಬಿಡು’ ಅಂದ್ರು."

"ಓಹೋಹೋ," ಎಂದರು ನಾಲ್ವರು ನರ್ಸುಗಳೂ ಒಟ್ಟಿಗೆ. ಅದರಲ್ಲಿ ಕೋಪವಿರಲಿಲ್ಲ. ತಮಗೂ ಇಂಥದ್ದು ಆಗಿದೆ ಎಂಬ ದನಿ ಅದು.

ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ತೋರಿಸಲು ಏನೂ ಉಳಿದಿರಲಿಲ್ಲ. ಕಜುಯೊ ಅವರನ್ನು ಬಸ್ ನಿಲ್ದಾಣದ ಪಕ್ಕದ ಗದ್ದೆಯ ಬದುವಿಗೆ ಕರೆದುಕೊಂಡು ಹೋಗಿ, ಪ್ಲಾಸ್ಟಿಕ್ ಹಾಸಿ ಕೂರಿಸಿದಳು. ತೋಟದಲ್ಲಿ ಚಹಾದ ಜೊತೆ ಕೊಡಬೇಕೆಂದು ತಂದಿದ್ದ, ಉಪ್ಪು ಹಾಕಿದ ಚೆರ್ರಿ ಎಲೆಯಲ್ಲಿ ಸುತ್ತಿದ ಅಕ್ಕಿಯ ಸಿಹಿಯನ್ನು ಹಂಚಿದಳು. ಗದ್ದೆಗೆ ಆಗಷ್ಟೇ ನೀರು ಬಿಟ್ಟಿದ್ದರು, ಕಪ್ಪೆಗಳು ದನಿ ಪರೀಕ್ಷಿಸುವಂತೆ ಒಂದೊಂದು ಸಲ ವಟಗುಟ್ಟುತ್ತಿದ್ದವು. ನೋಡುವಂಥದ್ದು ಏನೂ ಇಲ್ಲ. ಅವಳಿಗೆ ಕೂರಲೂ ಆಗಲಿಲ್ಲ.

"ಕೂತ್ಕೊಳ್ಳಿ ಮಾರಾಯ್ತಿ," ಎಂದಳು ನರ್ಸುಗಳಲ್ಲಿ ದಪ್ಪನೆಯವಳು. "ನಮ್ಮ ವಾರ್ಡಲ್ಲಿ ಒಬ್ಬ ತಾತ ಇದ್ದ. ಇಂಜೆಕ್ಷನ್ ಕೊಡ್ಲಾ ಅಂದ್ರೆ ಇರ್ಲಿ ಅಂತಿದ್ದ. ಕೊಡ್ತಿದ್ದೆ. ಮೂರು ವಾರ ಆದ್ಮೇಲೆ ಅವನ ಮಗಳು ಬಂದು, ನಮ್ಮಪ್ಪ ಬೇಡ ಬೇಡ ಅಂದ್ರೂ ನೀವು ಚುಚ್ಚುತೀರಂತೆ ಅಂದ್ಲು!"

"ಮತ್ತೆ ಇವತ್ತು ಇವರಿಗೆ ಹೇಗೆ ಗೊತ್ತಾಯ್ತು?" ಎಂದು ಇನ್ನೊಬ್ಬಳು ಕೇಳಿದಳು. "ಕಲ್ಲು ನೋಡಿಯಾ?"

"ಕಲ್ಲು ನೋಡಿ ಅರ್ಧ," ಎಂದಳು ಕಜುಯೊ. "ಆಮೇಲೆ ಒಳಗೆ ಹೋದಾಗ ಅವರು ಮತ್ತೆ ‘ಇರ್ಲಿ, ಕರ್ಕೊಂಡು ಬಾ’ ಅಂದ್ರು. ಯಾವ ಇರ್ಲಿ ಅಂತ ಕೇಳ್ದೆ."

"ಹಾಗೇ ಕೇಳಿಬಿಟ್ರಾ? ಮುಖದ ಮೇಲೆ?" ಸೊನೊಬೆ ಕೈಯಲ್ಲಿದ್ದ ಸಿಹಿಯನ್ನು ಕೆಳಗಿಟ್ಟರು. ಅವರಿಗೆ ಅದು ಸರಿಬರಲಿಲ್ಲ ಎಂದು ಕಾಣುತ್ತಿತ್ತು. ಆಮೇಲೆ, "ನಮ್ಮ ಗುರುಗಳಿಗೆ ನಾನು ಮಾಡಿದ ಚಹಾ ನಿಜವಾಗ್ಲೂ ಹಿಡಿಸ್ತಿತ್ತಾ ಅಂತ ನಾನೂ ಕೇಳಬೇಕಿತ್ತು," ಎಂದರು. "ಈಗ ಅವರಿಲ್ಲ."

ಉಕಾಯಿ ತೊಡೆ ತಟ್ಟಿದರು. "ಅದು ಬಿಡಿ. ನಾನು ಇವಳನ್ನ ಮದ್ವೆ ಆಗ್ತೀಯಾ ಅಂತ ಕೇಳಿದಾಗ ಇವಳೇನಂದ್ಲು ಗೊತ್ತಾ? ‘ಇರ್ಲಿ ಬಿಡಿ’ ಅಂದ್ಲು! ಮಾರನೇ ದಿನ ನಾನು ಅಮ್ಮನ್ನ ಕರ್ಕೊಂಡು ಇವರ ಮನೇಲಿ ಹಾಜರ್. ಮೂವತ್ತೆಂಟು ವರ್ಷ ಆಯ್ತು. ಯಾವ ಇರ್ಲಿ ಅಂತ ಕೇಳೋ ಧೈರ್ಯ ಇವತ್ತಿಗೂ ಬಂದಿಲ್ಲ."

"ಈಗ ಕೇಳ್ರೀ!" ನರ್ಸುಗಳು ಕೂಗಿದರು.

"ಬೇಡಮ್ಮ. ಮನೆಗೆ ಹೋದ್ಮೇಲೆ ನನಗೆ ಊಟ ಬೇಕು."

"ಎಲೆ ಸಮೇತ ತಿನ್ನಿ," ಎಂದಳು ಹಿಸಾಯೊ ಗಂಡನಿಗೆ. "ಬಾಯಿಗೆ ಸ್ವಲ್ಪ ಕೆಲಸ ಸಿಗುತ್ತೆ."

ಎಲ್ಲರೂ ನಕ್ಕರು. ಹತಕೆದಾ ಕೂಡ ನಕ್ಕಳು. ಆಮೇಲೆ ಗಡಿಯಾರ ನೋಡಿ, ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು. ಅದರಲ್ಲಿ ಮಧ್ಯಾಹ್ನದ ಮೇಲೆ ಅವಳು ಏನನ್ನೂ ಬರೆದಿರಲಿಲ್ಲ.

*

ಬಸ್ಸು ಬಂದಾಗ ಕಜುಯೊ ಬಾಗಿಲ ಬಳಿ ನಿಂತು ಒಬ್ಬೊಬ್ಬರಿಗೂ ನಮಸ್ಕರಿಸಿದಳು. ಉಕಾಯಿ ಕಿಟಕಿಯ ಸೀಟು ಹಿಡಿಯಲು ಮುಂದೆ ಓಡಿದರು. ಹಿಸಾಯೊ ಬೇಕೆಂದೇ ಹಿಂದೆ ಉಳಿದವಳ ಹಾಗೆ ಕೊನೆಗೆ ಬಂದಳು. ಕಜುಯೊಳ ಕೈ ಹಿಡಿದುಕೊಂಡಳು.

"ಬೇಡ ಅಂತಲೇ ಅಂದಿದ್ದು ನಾನು," ಎಂದಳು.

ಕಜುಯೊಳಿಗೆ ಕೂಡಲೇ ಅರ್ಥವಾಗಲಿಲ್ಲ.

"ಮೂವತ್ತೆಂಟು ವರ್ಷದ ಹಿಂದೆ. ನನಗೆ ಹೊಲಿಗೆ ಕಲಿಯೋಕೆ ಒಸಾಕಾಗೆ ಹೋಗಬೇಕಿತ್ತು. ಇವರು ಅಮ್ಮನ್ನ ಕರ್ಕೊಂಡು ಬಂದು ಕೂತೇಬಿಟ್ರು. ಬಂದು ಕೂತೋರನ್ನ ಏನಂತ ಕಳಿಸೋದು? ನಮ್ಮಪ್ಪ ಕೂಡ ಸುಮ್ನಾದ್ರು, ನಾನೂ ಸುಮ್ನಾದೆ." ಅವಳ ಮುಖದಲ್ಲಿ ದುಃಖವೇನೂ ಇರಲಿಲ್ಲ, ಹಳೆಯ ವಿಳಾಸ ಹೇಳುವವರ ಹಾಗಿತ್ತು. "ಆಮೇಲೆ ಚೆನ್ನಾಗೇ ಆಯ್ತು ಅನ್ನಿ. ಕೆಟ್ಟ ಮನುಷ್ಯ ಅಲ್ಲ. ಆದ್ರೂ ಅವತ್ತು ಯಾರಾದ್ರೂ ಒಬ್ರು ಕೇಳಿದ್ರೆ ಹೇಳ್ತಿದ್ದೆ. ಯಾರೂ ಕೇಳ್ಲಿಲ್ಲ. ನೀವು ನಿಮ್ಮ ಟೀಚರ್‌ನ ಕೇಳಿದ್ರಲ್ಲ, ಅದಕ್ಕೆ ಹೇಳ್ದೆ."

"ಏ ಹಿಸಾಯೊ, ಸೀಟು!" ಎಂದು ಒಳಗಿನಿಂದ ಕೂಗು ಬಂತು.

"ಬಂದೆ, ಬಂದೆ. ಸೀಟೇನು ಓಡಿ ಹೋಗುತ್ತಾ?"

ಉಳಿದವಳು ಹತಕೆದಾ ಒಬ್ಬಳೇ. ಅವಳು ಅಚ್ಚುಕಟ್ಟಾಗಿ ನಮಸ್ಕರಿಸಿದಳು. "ಇವತ್ತು ಬಹಳ ಶ್ರಮ ತಗೊಂಡ್ರಿ. ಶರತ್ಕಾಲದ ವಿಷಯ, ಕಚೇರೀಲಿ ಮಾತಾಡಿ... ನೋಡೋಣ."

ಈ ‘ನೋಡೋಣ’ ಎಂಬ ಮಾತಿನ ಮೇಲೆ ಎರಡೆರಡು ತಿಂಗಳು ಕಳೆದದ್ದು ಕಜುಯೊಳಿಗೆ ಗೊತ್ತಿತ್ತು. ಫೋನು ಬಂದಾಗಲೆಲ್ಲ ಎದೆ ಹಾರುವುದು, ಬರದಿದ್ದರೆ ತಾನೇನು ತಪ್ಪು ಮಾಡಿದೆನೆಂದು ಹಾಸಿಗೆಯಲ್ಲಿ ಹೊರಳುವುದು. ಬಸ್ಸಿನ ಚಾಲಕ ಕನ್ನಡಿಯಲ್ಲಿ ನೋಡುತ್ತಿದ್ದ.

"ಹತಕೆದಾ ಅವರೇ, ನೋಡೋಣ ಅಂದ್ರೆ, ಆಗುತ್ತಾ, ಆಗಲ್ವಾ?"

ಹತಕೆದಾಳ ಒಂದು ಕಾಲು ಮೆಟ್ಟಿಲ ಮೇಲಿತ್ತು. ಅದನ್ನು ಇಳಿಸಿದಳು. ಅವಳ ಮುಖದ ಮೇಲಿನ ನಗು ಸ್ವಲ್ಪ ಹೊತ್ತು ಅಲ್ಲೇ ಇದ್ದು, ಆಮೇಲೆ ಹೋಯಿತು. ನಗು ಹೋದ ಮುಖ ಹೆಚ್ಚು ದಣಿದ ಹಾಗೂ ಹೆಚ್ಚು ಸ್ನೇಹದ ಮುಖವಾಗಿತ್ತು.

"ಆಗಲ್ಲ," ಎಂದಳು. "ಶರತ್ಕಾಲಕ್ಕಂತೂ ಇಲ್ಲ. ಇವತ್ತು ಬದುವಿನ ಮೇಲೆ ಕೂತಿದ್ದು ನನಗೂ ಖುಷಿ ಆಯ್ತು, ಸುಳ್ಳಲ್ಲ. ಆದ್ರೆ ಅದನ್ನ ಪಟ್ಟಿಯಲ್ಲಿ ಏನಂತ ಹಾಕ್ಲಿ? ತೋಟ ಇಲ್ಲದೆ ಸುಗಿಹಾರಾನ ಮಾರೋಕೆ ನನಗೆ ಬರಲ್ಲ."

"ಮುಂದಿನ ವಸಂತಕ್ಕೆ?"

"ಗೊತ್ತಿಲ್ಲ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ, ಅಷ್ಟೇ. ಅದರೊಳಗೆ ಬೇರೆ ಏನೂ ಬಚ್ಚಿಟ್ಟಿಲ್ಲ."

"ಹೇಳಿದ್ದಕ್ಕೆ ಉಪಕಾರ ಆಯ್ತು," ಎಂದಳು ಕಜುಯೊ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಬಗ್ಗಿಯೇ ನಿಂತಿದ್ದಳು. ಕಣ್ಣಿಗೆ ನೀರು ಬಂದಿತ್ತು. ಬಗ್ಗಿದ್ದರಿಂದ ಅದು ನೇರವಾಗಿ ನೆಲಕ್ಕೇ ಬಿತ್ತು.

*

ಕಚೇರಿಯಲ್ಲಿ ಮುಖ್ಯಸ್ಥ ಒರಿಮೊ ವರದಿಯ ಹಾಳೆ ಮುಂದಿಟ್ಟುಕೊಂಡು ಕಾಯುತ್ತಿದ್ದರು. ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ, ಯಾರ ಮನಸ್ಸನ್ನೂ ನೋಯಿಸದ ಮನುಷ್ಯ.

"ಹೇಗಾಯ್ತು? ಏನಂದ್ರು?"

"ಶರತ್ಕಾಲಕ್ಕೆ ಇಲ್ಲ ಅಂದ್ರು. ತೋಟ ತೋರಿಸೋಕಾಗ್ಲಿಲ್ಲ. ನಾನು ಟೀಚರ್ ಮಾತನ್ನ ತಪ್ಪು ತಿಳ್ಕೊಂಡಿದ್ದೆ."

"ಅಂದ್ರೆ... ನೋಡೋಣ ಅಂದ್ರು, ಅಲ್ವಾ?"

"ಮೊದಲು ನೋಡೋಣ ಅಂದ್ರು. ನಾನು ಕೇಳ್ದೆ. ಆಮೇಲೆ ಇಲ್ಲ ಅಂದ್ರು."

ಒರಿಮೊ ಪೆನ್ನನ್ನು ಹಾಳೆಯ ಮೇಲೆ ಹಿಡಿದು ಹಾಗೇ ಕೂತರು. ಹಾಳೆಯಲ್ಲಿ ಮೂರು ಚೌಕಗಳಿದ್ದವು: ಒಪ್ಪಿದ್ದಾರೆ, ಒಲವಿದೆ, ಪರಿಶೀಲಿಸುತ್ತಾರೆ. ಇಪ್ಪತ್ತು ವರ್ಷದಿಂದ ಊರಿನ ಎಲ್ಲ ವರದಿಗಳೂ ಈ ಮೂರರಲ್ಲಿ ಒಂದಕ್ಕೆ ಸೇರುತ್ತ ಬಂದಿದ್ದವು.

"ಪರಿಶೀಲಿಸುತ್ತಾರೆ ಅಂತ ಹಾಕ್ಲಾ?"

"ಇಲ್ಲ. ಪರಿಶೀಲಿಸಲ್ಲ ಅವರು."

"ಮತ್ತೆಲ್ಲಿ ಬರೀಲಿ ಇಶಿಗುರೆಯವರೇ? ಜಾಗವೇ ಇಲ್ಲವಲ್ಲ."

"ಅಂಚಿನಲ್ಲಿದೆ."

ಅವರು ಅಂಚಿನಲ್ಲಿ, ಬಹಳ ಸಣ್ಣ ಅಕ್ಷರದಲ್ಲಿ, ‘ಇಲ್ಲ’ ಎಂದು ಬರೆದರು. ಬರೆದದ್ದನ್ನು ಕನ್ನಡಕ ಸರಿಸಿ ನೋಡಿದರು. ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದರು.

"ಹಾಗಾದ್ರೆ ನಿಮ್ಮ ವಿಷಯ..." ಎಂದು ಶುರುಮಾಡಿ ಕಿಟಕಿಯ ಆಚೆ ನೋಡಿದರು. "ಅದನ್ನ ಈಗ್ಲೇ ಯಾಕೆ, ಮೇಲಿನೋರ ಜೊತೆ ಮಾತಾಡಿ, ನೋಡೋ..."

ಕಜುಯೊ ಅವರ ಮುಖವನ್ನೇ ನೋಡುತ್ತ ನಿಂತಳು. ಒರಿಮೊ ಉಳಿದ ಅಕ್ಷರವನ್ನು ನುಂಗಿಕೊಂಡರು. ಕತ್ತಿನ ಪಟ್ಟಿ ಸಡಿಲಿಸಿಕೊಂಡರು.

"ಸೆಪ್ಟೆಂಬರ್‌ವರೆಗೆ," ಎಂದರು ಕೊನೆಗೆ. ಹೇಳಿ ಮುಗಿಸಿದ ಮೇಲೆ ಅವರ ಹಣೆಯ ಮೇಲೆ ಬೆವರಿತ್ತು. "ಅದರಾಚೆಗೆ ಇಲ್ಲ. ನನಗೆ ಬಹಳ ಬೇಜಾರಾಗಿದೆ."

"ಗೊತ್ತು," ಎಂದಳು ಕಜುಯೊ. ತನ್ನ ಮೇಜಿಗೆ ಹೋಗಿ ಕೂತು, ರಜೆಯ ಚೀಟಿ ತೆಗೆದು, ನಾಳೆಯ ಮಧ್ಯಾಹ್ನಕ್ಕೆಂದು ಬರೆದಳು. ಕಾರಣ ಎಂಬಲ್ಲಿ ಎಲ್ಲರೂ ‘ವೈಯಕ್ತಿಕ’ ಎಂದು ಹಾಕುವುದು ವಾಡಿಕೆ. ಅವಳು ಸ್ವಲ್ಪ ಯೋಚಿಸಿ, ‘ಕಳೆ ಕೀಳಲು’ ಎಂದು ಬರೆದಳು.